ಕಲ್ಲು ಬಿಟ್ಟು ನಾಟಕ ಹಿಡಿದ ಕೈಲಾಸಂ

ಸಿದ್ದರಬೆಟ್ಟಕ್ಕೆ ಹೋಗಿ ಬಂದವರನ್ನ ಕೇಳಿದ್ರೆ ಸಾಮಾನ್ಯವಾಗಿ ಹೇಳೋದು ಗುಹೆಯೊಳಗಿನ ಸಿದ್ಧೇಶ್ವರನ ಬಗ್ಗೆ, ಅಲ್ಲಿಯ ತಣ್ಣನೆ ನೀರಿನ ಬಗ್ಗೆ, ಬೆಟ್ಟದ ಮೇಲಿನ ಔಷಧಿ ಗಿಡಗಳ ಬಗ್ಗೆ. ಹತ್ತಿ ಇಳಿದು ಕಾಲು ನೋವು ಬಂದಿದ್ದರೂ ಕಲ್ಲಿನ ಬಗ್ಗೆ ಯಾರೂ ಮಾತಾಡಲ್ಲ. ಕೊರಟಗೆರೆ, ಮಧುಗಿರಿ, ಪಾವಗಡ ಕಡೆಯಿಂದ ಬಂದಿರೋ ನಮ್ಮ ಗೆಳೆಯರಿಗಂತೂ ಆ ಕಲ್ಲು ಕಣ್ಣಿಗೇ ಬೀಳಲ್ಲ. ಹುಟ್ಟಿದಾಗಿಂದ ಕಿಟಕಿ ಆಚೆ ಅದೇ ಇದ್ರೆ ಇನ್ನೇನಾಗುತ್ತೆ! ಸಿವಿಲ್ ಬ್ರಾಂಚಿನವರಿಗೆ ಮಾತ್ರ ಅದರ ಹೆಸರು ಗೊತ್ತಿರುತ್ತೆ: ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು, ಬ್ಯಾರಿ ಕ್ಲೋಸ್ ಅನ್ನೋ ಬ್ರಿಟಿಷ್ ಅಧಿಕಾರಿಯಿಂದ ಬಂದದ್ದು. ಶೋಲೆ ಸಿನಿಮಾದಲ್ಲಿ ಗಬ್ಬರ್ ಸಿಂಗ್ ಕೂತಿದ್ದ ಬಂಡೆಗಳಿಂದ ಶುರುವಾಗೋ ಸಾಲು ಉತ್ತರಕ್ಕೆ ಬರ್ತಾ ನಮ್ಮ ಬೆಟ್ಟಗಳನ್ನೂ ಸೇರಿಸಿಕೊಂಡು ಇನ್ನೂ ಮುಂದಕ್ಕೆ ಹೋಗುತ್ತೆ. ವಯಸ್ಸು ಸುಮಾರು 250 ಕೋಟಿ ವರ್ಷ.

ಈ ಕಲ್ಲುಗಳನ್ನ ಊರೂರು ಸುತ್ತಿ ಗುರುತು ಹಾಕಿದ್ದು 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ. ಆ ಇಲಾಖೆಯ ಕೆಲಸ ಅಂದ್ರೆ ಆ ಕಾಲಕ್ಕೆ ಇವತ್ತಿನ ಡ್ರೀಮ್ ಕಂಪನಿಯ ಆಫರ್ ಲೆಟರ್ ಇದ್ದ ಹಾಗೆ. ಸರ್ಕಾರಿ ಸಂಬಳ, ಪಿಂಚಣಿ, ಊರಲ್ಲಿ ಮರ್ಯಾದೆ, ಮದುವೆ ಮಾರುಕಟ್ಟೆಯಲ್ಲಿ ಬೆಲೆ ಎಲ್ಲ ಒಟ್ಟಿಗೆ. ಅಂಥ ಇಲಾಖೆಯಲ್ಲಿ ಲಂಡನ್ ಓದು ಮುಗಿಸಿ ಬಂದ ಒಬ್ಬ ಭೂವಿಜ್ಞಾನಿ ಇದ್ದರು. ಕೋಲಾರ, ಶಿವಮೊಗ್ಗ ಕಡೆ ಕೆಲಸ ಮಾಡಿದರು. ಕೆಲವೇ ವರ್ಷಕ್ಕೆ ರಾಜೀನಾಮೆ ಕೊಟ್ಟು ನಾಟಕಕ್ಕೆ ಬಂದುಬಿಟ್ಟರು. ಅವರು ತ್ಯಾಗರಾಜ ಪರಮಶಿವ ಕೈಲಾಸಂ. ನಾವೆಲ್ಲ ಹೈಸ್ಕೂಲಿನಲ್ಲಿ ಟಿ. ಪಿ. ಕೈಲಾಸಂ ಅಂತ ಬಿಟ್ಟ ಸ್ಥಳ ತುಂಬಿದವರೇ. ಅವರು ಕಲ್ಲು ಓದಿದವರು ಅನ್ನೋದನ್ನ ಮಾತ್ರ ಯಾವ ಪ್ರಶ್ನೆಪತ್ರಿಕೆಯೂ ನಮ್ಮನ್ನ ಕೇಳಲಿಲ್ಲ.

ಹುಟ್ಟಿದ್ದು 1884ರಲ್ಲಿ. ಮನೆಮಾತು ತಮಿಳು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ತಂದೆ ಟಿ. ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಸುಮ್ಮನೆ ಜಡ್ಜ್ ಅಲ್ಲ, ರಾಮಾಯಣದ ಲಂಕೆ ನಿಜವಾಗಿ ಎಲ್ಲಿತ್ತು ಅಂತ ಭೂಗೋಳ ಇಟ್ಟುಕೊಂಡು ಪುಸ್ತಕ ಬರೆದ ಮನುಷ್ಯ. ಅಂಥ ಮನೆಯಲ್ಲಿ ಮಗ ಚೆನ್ನಾಗಿ ಓದಬೇಕು ಅನ್ನೋದು ಆಸೆ ಅಲ್ಲ, ಲೆಕ್ಕಾಚಾರವೇ. ಮಗ ಓದಿದರು ಕೂಡ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ, ಆಮೇಲೆ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್. ಆ ಕಾಲೇಜು ಈಗ ಇಂಪೀರಿಯಲ್ ಕಾಲೇಜಿನ ಭಾಗ, ನಮ್ಮಲ್ಲಿ ಎಂ.ಎಸ್. ಕನಸು ಕಾಣೋರ ಲಿಸ್ಟಿನಲ್ಲಿ ಮೇಲ್ಗಡೆ ಇರುತ್ತಲ್ಲ, ಅದೇ.

ಲಂಡನ್ನಿನಲ್ಲಿ ಅವರು ಎರಡು ಕಾಲೇಜಿಗೆ ಹೋದ್ರು ಅಂತ ನಮಗನ್ನಿಸುತ್ತೆ. ಹಗಲು ಹೋದ ಕಾಲೇಜಿನಲ್ಲಿ ಖನಿಜ, ಬಂಡೆ, ನಕ್ಷೆ. ಸಂಜೆಯ ಕಾಲೇಜು ಅಂದ್ರೆ ಅಲ್ಲಿನ ಥಿಯೇಟರುಗಳು ಮತ್ತು ಮ್ಯೂಸಿಕ್ ಹಾಲ್‌ಗಳು. ಮ್ಯೂಸಿಕ್ ಹಾಲ್ ಅಂದ್ರೆ ನಮ್ಮ ಸಂಗೀತ ಸಭೆ ಥರ ಅಲ್ಲ. ಅದು ಕೂಲಿ ಮಾಡೋರು, ಗಾಡಿ ಹೊಡೆಯೋರು, ಅಂಗಡಿಯೋರು ಟಿಕೆಟ್ ತಗೊಂಡು ಕೂತು ನಗೋ ಜಾಗ. ಗಸ್ ಎಲೆನ್ ಅನ್ನೋ ಹೆಸರಾಂತ ಹಾಡುಗಾರ ಅಲ್ಲಿ ಲಂಡನ್ನಿನ ಬೀದಿಬದಿಯ ಕಾಕ್ನಿ ಇಂಗ್ಲಿಷಿನಲ್ಲೇ ಹಾಡ್ತಿದ್ದ. ಪುಸ್ತಕದ ಇಂಗ್ಲಿಷ್ ಓದಿಕೊಂಡು ಹೋದ ಮೈಸೂರಿನ ಹುಡುಗನಿಗೆ, ಒಂದು ಭಾಷೆ ತನ್ನ ಮನೆಬಟ್ಟೆಯಲ್ಲೇ ವೇದಿಕೆ ಹತ್ತಬಹುದು ಅನ್ನೋದು ಅಲ್ಲಿ ಕಂಡಿರಬೇಕು. ಇದು ನಮ್ಮ ಊಹೆ ಅಂತಲೇ ಇಟ್ಟುಕೊಳ್ಳಿ. ಆದ್ರೆ ವಾಪಸ್ ಬಂದ ಮೇಲೆ ಅವರು ಮಾಡಿದ್ದು ನೋಡಿದ್ರೆ ಬೇರೆ ಊಹೆ ಮಾಡೋಕೆ ಕಷ್ಟ.

ಆ ಮ್ಯೂಸಿಕ್ ಹಾಲ್‌ಗಳ ಧಾಟಿಗಳು ಕನ್ನಡಕ್ಕೂ ಬಂದವು. ಇಂಗ್ಲೆಂಡಿನ ಸೈನಿಕರು ಮಹಾಯುದ್ಧದಲ್ಲಿ ಹಾಡ್ಕೊಂಡು ನಡೆದ ಟಿಪ್ಪರೇರಿ ಹಾಡು ಕೈಲಾಸಂ ಕೈಯಲ್ಲಿ ತಿಪ್ಪಾರಳ್ಳಿ ಆಯ್ತು. ಕಾನ್‌ಸ್ಟಾಂಟಿನೋಪಲ್ ಅನ್ನೋ ಉದ್ದ ಹೆಸರನ್ನ ಸ್ಪೆಲ್ಲಿಂಗ್ ಬಿಡಿಸಿ ಹಾಡೋ ಒಂದು ಇಂಗ್ಲಿಷ್ ಹಾಡಿತ್ತು, ಅದು ಕೋಳೀಕೆ ರಂಗ ಆಯ್ತು. ಇಂಗ್ಲಿಷಿನಲ್ಲಿ ಸ್ಪೆಲ್ಲಿಂಗ್ ಇದ್ದ ಕಡೆ ಕನ್ನಡದ ಕಾಗುಣಿತ ಕೂರಿಸಿದರು. ಮೂಲ ಗೊತ್ತಿಲ್ಲದೇ ಕೇಳಿದ್ರೆ ಇದು ನಮ್ಮ ಯಾವುದೋ ಹಳ್ಳಿಯಲ್ಲೇ ಹುಟ್ಟಿದ ಹಾಡು ಅಂತ ಆಣೆ ಮಾಡಿ ಹೇಳಬಹುದು.

1915ರ ಹೊತ್ತಿಗೆ ವಾಪಸ್ ಬಂದಾಗ ವಯಸ್ಸು ಮೂವತ್ತು ದಾಟಿತ್ತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಕೈಲಾಸಂ ಕಥೆ ಹೇಳೋರು ಸಾಮಾನ್ಯವಾಗಿ ಈ ಭಾಗವನ್ನ ಒಂದೇ ಸಾಲಿನಲ್ಲಿ ಮುಗಿಸ್ತಾರೆ: ಲಂಡನ್ನಿಂದ ಬಂದರು, ಕೆಲಸ ಬಿಟ್ಟರು, ನಾಟಕ ಬರೆದರು. ಮೋಟಿವೇಷನ್ ವಿಡಿಯೋಗೆ ಅದು ಸರಿ ಹೋಗುತ್ತೆ. ಆದ್ರೆ ಅವರು ಹಡಗಿಂದ ಇಳಿದು ನೇರ ರಂಗಮಂದಿರಕ್ಕೆ ಹೋಗಲಿಲ್ಲ, ಇಲಾಖೆಗೆ ಹೋದರು. ನೌಕರಿ ಸೇರಿ ಚಿನ್ನದ ಗಣಿ ಇರೋ ಕೋಲಾರದ ಕಡೆ, ಆಮೇಲೆ ಮಲೆನಾಡಿನ ಶಿವಮೊಗ್ಗದ ಕಡೆ ಓಡಾಡಿದರು. ನಾಟಕದ ಹುಚ್ಚು ಆಗಲೂ ಇತ್ತು, ಸಂಬಳವೂ ಬರ್ತಿತ್ತು. ಎರಡು ದೋಣಿಯಲ್ಲಿ ಎರಡು ಕಾಲು. ಹೀಗೆ ಕೆಲವು ವರ್ಷ ನಡೀತು.

ಯಾಕೆ ತಡ ಮಾಡಿದರು ಅಂತ ನಾವು ಕೂತು ಚರ್ಚೆ ಮಾಡಿದ್ವಿ. ನಮ್ಮಲ್ಲಿ ಒಬ್ಬರು ಧೈರ್ಯ ಸಾಲಲಿಲ್ಲ ಅಂದರು. ನಮಗೆ ಹಾಗನ್ನಿಸಲ್ಲ. ಸರ್ಕಾರದ ದುಡ್ಡಲ್ಲಿ ಓದಿ ಬಂದವರು ಸರ್ಕಾರಕ್ಕೆ ಕೆಲಸ ಮಾಡೋದು ಋಣ. ತಂದೆ ಊರಿಗೆಲ್ಲ ಗೊತ್ತಿರೋ ಜಡ್ಜ್, ಮಗನ ಮೇಲೆ ಇಟ್ಟ ನಿರೀಕ್ಷೆ ಬೆಟ್ಟದಷ್ಟು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ: ಅವರು ಮಾಡಬೇಕು ಅಂದುಕೊಂಡಿದ್ದ ಥರದ ನಾಟಕ ಕನ್ನಡದಲ್ಲಿ ಆಗಿನ್ನೂ ಇರಲೇ ಇಲ್ಲ. ಗುಬ್ಬಿ ಕಂಪನಿ ಇತ್ತು, ವರದಾಚಾರ್ಯರ ಕಂಪನಿ ಇತ್ತು. ರಾತ್ರಿಯಿಡೀ ನಡೆಯೋ ಪುರಾಣದ ಕಥೆ, ರಾಜರಾಣಿ, ಕಿರೀಟ, ಮಾತಿಗೊಂದು ಹಾಡು. ಅದು ತನ್ನ ಜಾಗದಲ್ಲಿ ಅದ್ಭುತವೇ, ನಮ್ಮ ಜಿಲ್ಲೆಯವರಾಗಿ ಗುಬ್ಬಿ ಕಂಪನಿ ಬಗ್ಗೆ ಬೇರೆ ಥರ ಹೇಳೋಕಾಗುತ್ತಾ? ಆದ್ರೆ ಬೆಂಗಳೂರಿನ ಒಂದು ಮಧ್ಯಮವರ್ಗದ ಮನೆ, ಅಲ್ಲೊಬ್ಬ ಲಾಯರು, ಅವನ ಹೆಂಡತಿ, ಅಡುಗೆಮನೆ, ಸಾಲ, ಪರೀಕ್ಷೆ, ಮಡಿ ಇದನ್ನೆಲ್ಲ ಒಂದೆರಡು ಗಂಟೆಯಲ್ಲಿ, ಹಾಡಿನ ಸಹಾಯ ಇಲ್ಲದೇ, ಬರೀ ಮಾತಲ್ಲಿ ತೋರಿಸೋದು? ಅದಕ್ಕೆ ಟಿಕೆಟ್ ಕೊಳ್ಳೋರು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ಇರೋ ರಸ್ತೆಗೆ ಇಳಿಯೋದು ಬೇರೆ, ರಸ್ತೆಯೇ ಇಲ್ಲದ ಕಡೆ ಇಳಿಯೋದು ಬೇರೆ. ಅನುಮಾನ ಬರದಿದ್ದರೆ ಆಶ್ಚರ್ಯ ಪಡಬೇಕಿತ್ತು.

ಆ ಅನುಮಾನದ ವರ್ಷಗಳಲ್ಲೇ ಹುಟ್ಟಿದ್ದು ಟೊಳ್ಳುಗಟ್ಟಿ. ಬೆಂಗಳೂರಿನ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ 1909ರಲ್ಲಿ ಶುರುವಾಗಿತ್ತು. ಹೆಸರೇ ಹೇಳೋ ಹಾಗೆ ಅಲ್ಲಿದ್ದವರು ಹಗಲು ಬೇರೆ ಉದ್ಯೋಗ ಮಾಡ್ತಾ ಸಂಜೆ ಬಣ್ಣ ಹಚ್ಚೋರು. ಅವರ ನಾಟಕ ಸ್ಪರ್ಧೆಯಲ್ಲಿ ಕೈಲಾಸಂ ಬರೆದ ಟೊಳ್ಳುಗಟ್ಟಿಗೆ ಬಹುಮಾನ ಬಂತು. ಕನ್ನಡ ರಂಗಭೂಮಿಯ ಹೊಸ ಕಾಲ ಇಲ್ಲಿಂದ ಶುರು ಅಂತ ಪುಸ್ತಕಗಳಲ್ಲಿ ಬರೀತಾರೆ. ನಮಗೆ ಅದಕ್ಕಿಂತ ಮುಖ್ಯ ಅದರ ಕಥೆ, ಯಾಕಂದ್ರೆ ಅದು ನೂರು ವರ್ಷ ಹಿಂದೆ ನಮ್ಮ ಮೇಲೇ ಬರೆದ ಹಾಗಿದೆ.

ಒಂದು ಮನೆ, ಇಬ್ಬರು ಗಂಡುಮಕ್ಕಳು. ಒಬ್ಬ ಪುಟ್ಟು, ಪುಸ್ತಕದಿಂದ ತಲೆ ಎತ್ತದವನು, ಪರೀಕ್ಷೆಯಲ್ಲಿ ಸದಾ ಮೇಲೆ. ಇನ್ನೊಬ್ಬ ಮಾಧು, ಪರೀಕ್ಷೆ ಅಂದ್ರೆ ಅಷ್ಟಕ್ಕಷ್ಟೆ, ಆದ್ರೆ ಮನೆಯವರಿಗೆ ಕಷ್ಟ ಬಂದಾಗ ಮೊದಲು ಓಡೋನು. ಅಪ್ಪನ ಕಣ್ಣಿಗೆ ಪುಟ್ಟು ಗಟ್ಟಿ, ಮಾಧು ಟೊಳ್ಳು. ಮನೆಗೆ ಬೆಂಕಿ ಬೀಳುತ್ತೆ. ಆಗ ಯಾರು ಏನು ಅನ್ನೋದು ಹೊರಗೆ ಬರುತ್ತೆ. ಮುಂದಿನದನ್ನ ಇಲ್ಲಿ ಹೇಳಿಬಿಟ್ರೆ ಓದೋ ಮಜಾ ಹೋಗುತ್ತೆ. ಸಿಜಿಪಿಎ ಅನ್ನೋ ಪದ ಆ ನಾಟಕದಲ್ಲಿ ಇಲ್ಲ, ಅಷ್ಟೇ ವ್ಯತ್ಯಾಸ. ಇದನ್ನ ಬರೆದವರು ಓದಿನಲ್ಲಿ ಹಿಂದೆ ಬಿದ್ದವರಾಗಿದ್ರೆ ಹೊಟ್ಟೆಕಿಚ್ಚು ಅಂತ ತಳ್ಳಿಹಾಕಬಹುದಿತ್ತು. ಬರೆದವರು ಸ್ಕಾಲರ್‌ಶಿಪ್ ತಗೊಂಡು ಲಂಡನ್ನಿನಲ್ಲಿ ಪಾಸಾಗಿ ಬಂದವರು. ಒಂದು ರೀತಿಯಲ್ಲಿ ಪುಟ್ಟುವಿನ ಕುರ್ಚಿಯಲ್ಲಿ ಕೂತು ಮಾಧುವಿನ ಕಥೆ ಬರೆದಿದ್ದಾರೆ. ಬರೆದ ಮೇಲೆ ಆ ಕುರ್ಚಿಯಲ್ಲಿ ಬಹಳ ದಿನ ಕೂರೋಕೆ ಆಗಲಿಲ್ಲ ಅಂದ್ರೆ ಅದರಲ್ಲೇನು ಆಶ್ಚರ್ಯ? 1920ರ ಆಸುಪಾಸಿಗೆ ಅವರು ಇಲಾಖೆಯಿಂದ ಹೊರಗಿದ್ದರು.

ಆಮೇಲೆ ಬಂದದ್ದು ಪ್ರವಾಹ. ಪೋಲೀ ಕಿಟ್ಟಿ, ಬಂಡ್ವಾಳಿಲ್ಲದ ಬಡಾಯಿ, ಹೋಂ ರೂಲು, ಅಮ್ಮಾವ್ರ ಗಂಡ, ಹುತ್ತದಲ್ಲಿ ಹುತ್ತ, ನಮ್ಮ ಕ್ಲಬ್ಬು. ಹೆಸರು ಓದಿದ್ರೇ ಅರ್ಧ ನಗು. ಬಹಿಷ್ಕಾರ, ಸೂಳೆ ಇವುಗಳಲ್ಲಿ ನಗು ಕಡಿಮೆ, ಆ ಕಾಲದ ಸಮಾಜದಲ್ಲಿ ಹೆಂಗಸರ ಗತಿ ಏನಿತ್ತು ಅನ್ನೋದು ಜಾಸ್ತಿ. ಪ್ರಹಸನ ಪ್ರಪಿತಾಮಹ ಅನ್ನೋ ಬಿರುದು ಅಂಟಿಕೊಂಡಿದ್ದರಿಂದ ಅವರು ಬರೀ ಕಾಮಿಡಿ ರೈಟರ್ ಅಂದುಕೊಂಡಿರೋರು ಈ ಎರಡನ್ನ ಒಮ್ಮೆ ತೆರೆದು ನೋಡಬೇಕು. ಇಂಗ್ಲಿಷಿನಲ್ಲಿ ಬರೆದ ನಾಟಕಗಳಲ್ಲಿ ಕೈಲಾಸಂ ಬೇರೆಯದೇ ಮನುಷ್ಯ. ಅಲ್ಲಿ ಕರ್ಣ, ಏಕಲವ್ಯ, ಕೀಚಕ ಬರ್ತಾರೆ. ಮಹಾಭಾರತದಲ್ಲಿ ಸೋತವರ, ಬದಿಗೆ ತಳ್ಳಿಸಿಕೊಂಡವರ ಪಕ್ಕ ಹೋಗಿ ನಿಂತುಕೊಳ್ತಾರೆ. ಅಲ್ಲಿ ಜೋಕ್ ಇಲ್ಲ.

ಈಗ ಆ ಮನೆಮಾತು ತಮಿಳು ಅನ್ನೋ ವಿಷಯಕ್ಕೆ ಬರೋಣ. ಕೈಲಾಸಂ ನಾಟಕಗಳ ಕನ್ನಡ ಗ್ರಾಂಥಿಕ ಕನ್ನಡ ಅಲ್ಲ. ಅವರ ಪಾತ್ರಗಳು ಒಂದು ವಾಕ್ಯಕ್ಕೆ ಮೂರು ಇಂಗ್ಲಿಷ್ ಪದ ಸೇರಿಸಿ, ಅದಕ್ಕೆ ಕನ್ನಡದ ವಿಭಕ್ತಿ ಅಂಟಿಸಿ ಮಾತಾಡ್ತವೆ. ಬೆಂಗಳೂರಿನ ಓದಿದ ಜನ ಮನೆಯಲ್ಲಿ ಹೇಗೆ ಮಾತಾಡ್ತಿದ್ದರೋ ಹಾಗೇ. ಲಾಯರ್ ಒಂದು ಥರ, ಅವನ ಮನೆ ಆಳು ಇನ್ನೊಂದು ಥರ, ಹೆಂಗಸರು ಮತ್ತೊಂದು ಥರ. ಶುದ್ಧ ಕನ್ನಡ ಬಯಸಿದವರಿಗೆ ಇದು ಕಿರಿಕಿರಿ. ಆದ್ರೆ ಆ ಇಂಗ್ಲಿಷ್ ಪದಗಳನ್ನ ಅವರು ಭಾಷೆ ಬರದೇ ತುಂಬಿದ್ದಲ್ಲ. ಯಾವ ಪಾತ್ರ ಎಲ್ಲಿ ಇಂಗ್ಲಿಷಿಗೆ ಜಾರುತ್ತೆ ಅಂತ ಗಮನಿಸಿ ಓದಿದ್ರೆ ಗೊತ್ತಾಗುತ್ತೆ: ಬಡಾಯಿ ಕೊಚ್ಚುವಾಗ, ಸುಳ್ಳು ಹೇಳುವಾಗ, ಹೆಂಡತಿ ಬಾಯಿ ಮುಚ್ಚಿಸುವಾಗ. ಕಲ್ಲಿನ ಪದರ ನೋಡಿ ಒಳಗೇನಾಗಿದೆ ಅಂತ ಹೇಳೋ ಹಾಗೆ ಮಾತಿನ ಪದರ ನೋಡ್ತಾ ಇದ್ರು. ಹೊರಗಿಂದ ಬಂದ ಕಿವಿಗೇ ಕೆಲವು ಸಲ ಹೀಗೆ ಕೇಳಿಸೋದು. ಮನೆಯಲ್ಲಿ ಬೇರೆ ಭಾಷೆ ಇದ್ದವರು ಕನ್ನಡವನ್ನ ಲಘುವಾಗಿ ತಗೊಳ್ಳಲ್ಲ, ಅದನ್ನ ಆಲಿಸ್ತಾರೆ.

ನಮ್ಮ ಕನ್ನಡ ಸಂಘಕ್ಕೆ ಸೇರೋಕೆ ಹಿಂಜರಿಯೋರು ಪ್ರತಿ ವರ್ಷ ಹೇಳೋದು ಒಂದೇ ಕಾರಣ: ನಾವು ಇಂಗ್ಲಿಷ್ ಮೀಡಿಯಂ, ನಮ್ಮ ಕನ್ನಡ ಚೆನ್ನಾಗಿಲ್ಲ, ಅಹಾ-ಓಹೋ ಅನ್ನೋ ಕನ್ನಡ ಬರಲ್ಲ. ಇದನ್ನ ಬರೀತಿರೋ ನಾವೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮೇ. ಇನ್ನು ಎರಡನೇ ಕಾರಣ ಟೈಮು. ಇಂಟರ್ನಲ್ಸ್ ಮುಗೀಲಿ, ಲ್ಯಾಬ್ ರೆಕಾರ್ಡ್ ಮುಗೀಲಿ, ಪ್ಲೇಸ್‌ಮೆಂಟ್ ಆಗಲಿ, ಆಮೇಲೆ ನಾಟಕ ಮಾಡೋಣ. ಹೋದ ವರ್ಷದ ಫೈನಲ್ ಇಯರ್‌ನವರೂ ಹಾಗೇ ಅಂದಿದ್ದರು, ಈಗ ಅವರು ಬೆಂಗಳೂರಲ್ಲಿದ್ದಾರೆ, ವೀಕೆಂಡ್‌ನಲ್ಲಿ ಫೋನ್ ಮಾಡಿ ಈ ಸಲ ಯಾವ ನಾಟಕ ಅಂತ ವಿಚಾರಿಸ್ತಾರೆ. ಎಲ್ಲರೂ ಕೆಲಸ ಬಿಡಬೇಕು ಅಂತ ನಾವು ಹೇಳ್ತಿಲ್ಲ, ಮನೆಯಲ್ಲಿ ಎಜುಕೇಷನ್ ಲೋನ್ ಇರೋರಿಗೆ ಹಾಗೆ ಹೇಳೋ ಹಕ್ಕು ಯಾರಿಗೂ ಇಲ್ಲ. ಕೈಲಾಸಂ ಹಿಂದೆ ಒಬ್ಬ ಜಡ್ಜ್ ಅಪ್ಪ ಇದ್ದರು, ಅಪ್ಪನಿಗೆ ವೈಟ್ ಹೌಸ್ ಅನ್ನೋ ದೊಡ್ಡ ಮನೆ ಇತ್ತು ಅನ್ನೋದನ್ನೂ ಮರೀಬಾರದು.

ಆ ಅಪ್ಪನಿಗೆ ಮಗ ಮಾಡಿದ್ದು ಹಿಡಿಸಲಿಲ್ಲ. ಯಾವ ಅಪ್ಪನಿಗೆ ಹಿಡಿಸುತ್ತೆ? ಮಗ ಇದ್ದದ್ದು ದೊಡ್ಡ ಮನೆಯ ದಿವಾನಖಾನೆಯಲ್ಲಿ ಅಲ್ಲ, ನೂಕ್ ಅಂತ ತಾನೇ ಹೆಸರಿಟ್ಟುಕೊಂಡ ಒಂದು ಸಣ್ಣ ಜಾಗದಲ್ಲಿ. ನೂಕ್ ಅಂದ್ರೆ ಮೂಲೆ. ಗಲೀಜು, ಸಿಗರೇಟಿನ ಹೊಗೆ, ಚೆಲ್ಲಾಪಿಲ್ಲಿ ಸಾಮಾನು. ನಮ್ಮ ಹಾಸ್ಟೆಲ್ ರೂಮುಗಳ ಪೂರ್ವಜ ಅನ್ನಬಹುದು. ಅಲ್ಲಿ ಸಂಜೆಯಾದ್ರೆ ಗೆಳೆಯರು, ಹುಡುಗರು ಸೇರೋರು. ಕೈಲಾಸಂ ಎಲ್ಲ ಪಾತ್ರಗಳನ್ನೂ ಒಬ್ಬರೇ ದನಿ ಬದಲಾಯಿಸಿ ಆಡಿ ತೋರಿಸೋರು. ರಾತ್ರಿ ಎಷ್ಟಾಯ್ತು ಅಂತ ಯಾರಿಗೂ ನೆನಪಿರ್ತಿರಲಿಲ್ಲ. ಸಂಸಾರದ ಜವಾಬ್ದಾರಿಯ ವಿಷಯದಲ್ಲಿ ಮಾತ್ರ ಅವರನ್ನ ಹೊಗಳೋಕೆ ಏನೂ ಇಲ್ಲ. ಹೆಂಡತಿ ಮಕ್ಕಳ ಪಾಲಿಗೆ ಈ ಕಲೆಯ ಬಿಲ್ಲು ಬಂತು ಅನ್ನೋದು ಅವರನ್ನ ಮೆಚ್ಚೋ ನಮಗೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ಇನ್ನೊಂದು ವಿಷಯ ನಮ್ಮನ್ನ ಜಾಸ್ತಿ ಕಾಡಿತು. ಇಷ್ಟೆಲ್ಲ ಬಿಟ್ಟು ಬಂದ ಮನುಷ್ಯ ಕೂತು ಬರೀತಿರಲಿಲ್ಲ! ನಾಟಕ ತಲೆಯಲ್ಲಿ ಕಟ್ಟೋರು, ಬಾಯಲ್ಲಿ ಹೇಳೋರು. ಹೇಳಿದಷ್ಟು ಸಲ ಒಂದಿಷ್ಟು ಹೊಸದು ಸೇರೋದು, ಒಂದಿಷ್ಟು ಬಿದ್ದುಹೋಗೋದು. ಇವತ್ತು ನಮ್ಮ ಕೈಗೆ ಸಿಗೋ ಎಷ್ಟೋ ನಾಟಕಗಳು ಗೆಳೆಯರು ಪಕ್ಕದಲ್ಲಿ ಪೆನ್ನು ಹಿಡಿದು ಕೂತು, ಅವರ ಮಾತಿನ ವೇಗಕ್ಕೆ ಓಡಿ ಬರೆದುಕೊಂಡಿದ್ದರಿಂದ ಉಳಿದವು. ಬರೆದುಕೊಳ್ಳೋರು ಇಲ್ಲದ ರಾತ್ರಿ ಹೇಳಿದ್ದು ಆ ರಾತ್ರಿಗೇ ಮುಗೀತು. ನಮ್ಮ ಸಂಘದಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯ್ತು. ಕೆಲವರ ಪ್ರಕಾರ ನೌಕರಿ ಬಿಟ್ಟ ಮೇಲೂ ಅವರು ಪೂರ್ತಿ ಇಳಿಯಲಿಲ್ಲ, ಪೂರ್ತಿ ಇಳಿದವರು ಡ್ರಾಫ್ಟ್ ತಿದ್ದಿ, ಅಚ್ಚಿಗೆ ಕೊಟ್ಟು, ಪ್ರೂಫ್ ನೋಡೋ ಬೋರಿಂಗ್ ಕೆಲಸವನ್ನೂ ಮಾಡ್ತಾರೆ. ರಿಸೈನ್ ಮಾಡೋದು ಒಂದು ದಿನದ ಧೈರ್ಯ, ಬರೆಯೋ ಮೇಜಿಗೆ ದಿನಾ ಹೋಗೋದು ಬೇರೆ ಥರದ್ದು. ಉಳಿದವರು ಅಂದಿದ್ದು, ಅವರ ಕಲೆ ಇದ್ದದ್ದೇ ಬಾಯಲ್ಲಿ, ಕಾಗದಕ್ಕೆ ಇಳಿಸೋಕೆ ಹೋಗಿದ್ರೆ ಆ ಮಾತಿನ ಜೀವ ಹೋಗ್ತಿತ್ತು, ಅವರು ತಮ್ಮ ಥರದಲ್ಲಿ ಪೂರ್ತಿ ಇಳಿದವರೇ ಅಂತ. ಇದನ್ನ ಬರೀತಿರೋ ನಾವು ಮೊದಲನೇ ಗುಂಪಿನವರು. ಕಳೆದುಹೋದ ನಾಟಕಗಳ ಬಗ್ಗೆ ಯೋಚಿಸಿದಾಗಲೆಲ್ಲ ಅವರ ಮೇಲೆ ಸಿಟ್ಟು ಬರುತ್ತೆ. ಪೋಲೀ ಕಿಟ್ಟಿ ಓದಿದ ಕೂಡಲೇ ಅದು ಇಳಿಯುತ್ತೆ ಅನ್ನೋದು ಬೇರೆ ಮಾತು.

ಪೋಲೀ ಕಿಟ್ಟಿ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲ್ಲರೂ ಪೋಲಿ ಅಂತ ಕೈಬಿಟ್ಟ ಹುಡುಗ ಅದರ ನಾಯಕ, ಹಿನ್ನೆಲೆಯಲ್ಲಿ ಸ್ಕೌಟ್ ಚಳವಳಿ. ದೊಡ್ಡವರ ಸರ್ಟಿಫಿಕೇಟಿಗೂ ಹುಡುಗನ ಒಳಗಿರೋ ಗುಣಕ್ಕೂ ಸಂಬಂಧ ಇಲ್ಲ ಅನ್ನೋದನ್ನ ಟೊಳ್ಳುಗಟ್ಟಿ ಮುಗಿಸಿದ ಮೇಲೂ ಅವರು ಬಿಟ್ಟಿರಲಿಲ್ಲ. ಏಕಲವ್ಯನ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದೂ ಅದೇ ಗಾಯದ ಮೇಲೆ ಕೈಯಿಟ್ಟ ಹಾಗಿದೆ. ಗುರು ಒಪ್ಪದಿದ್ದರೂ ತನ್ನಷ್ಟಕ್ಕೆ ಕಲಿತವನು, ಕಲಿತದ್ದಕ್ಕೆ ಹೆಬ್ಬೆರಳು ತೆತ್ತವನು. ಸ್ಟೇಜ್ ಚಿಕ್ಕದಿದ್ದರೂ, ನಟರಲ್ಲಿ ಅರ್ಧ ಜನ ಮೊದಲ ಸಲ ಹತ್ತುತ್ತಿದ್ದರೂ ಪೋಲೀ ಕಿಟ್ಟಿ ನಿಲ್ಲುತ್ತೆ, ಇದು ನಾವು ರಿಹರ್ಸಲ್‌ನಲ್ಲಿ ಕಂಡುಕೊಂಡದ್ದು. ಇಂಗ್ಲಿಷ್ ಪದ ಬಂದ ಕಡೆ ಮೆಕ್ಯಾನಿಕಲ್‌ನವರು ತಡವರಿಸಲ್ಲ, ಹಳೇ ಬೆಂಗಳೂರಿನ ಕನ್ನಡ ಬಂದ ಕಡೆ ತಡವರಿಸ್ತಾರೆ. ಅದಕ್ಕೆ ಸಿರಾದಿಂದ ಬರೋ ಒಬ್ಬ ಜೂನಿಯರ್ ಕೋಚ್.

1945ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮದರಾಸಿನಲ್ಲಿ ನಡೀತು. ಅಧ್ಯಕ್ಷರು ಕೈಲಾಸಂ. ಮನೆಮಾತು ತಮಿಳಾದ ಮನುಷ್ಯ ತಮಿಳರ ರಾಜಧಾನಿಯಲ್ಲಿ ಕನ್ನಡದ ಅಧ್ಯಕ್ಷಪೀಠದ ಮೇಲೆ. ಹದಿಹರೆಯ ದಾಟಿದ ಹುಡುಗನಾಗಿ ಖನಿಜಗಳ ಹೆಸರು ಬಾಯಿಪಾಠ ಮಾಡಿದ ಪ್ರೆಸಿಡೆನ್ಸಿ ಕಾಲೇಜು ಅದೇ ಊರಿನಲ್ಲಿ, ಸಮುದ್ರದ ಎದುರಿಗೆ. ಮರುವರ್ಷ, 1946ರ ನವೆಂಬರಿನಲ್ಲಿ, ಅವರು ತೀರಿಕೊಂಡರು. ಇಲಾಖೆಯಲ್ಲಿ ಅವರ ಜಾಗಕ್ಕೆ ಅಷ್ಟರೊಳಗೆ ಎಷ್ಟೋ ಜನ ಬಂದು ನಿವೃತ್ತರಾಗಿ ಹೋಗಿರಬೇಕು. ನಾಟಕಗಳು ಗೆಳೆಯರ ಕೈಬರಹದಲ್ಲಿದ್ದವು.